ಗೋಡೆ ಏಳುವ ಮುನ್ನ ಒಮ್ಮೆ ನೆಲದ ಮೇಲೆ ಕೂತು ನೋಡಿ

ಶಾಲೆಗೆ ಕೊಠಡಿ ಮಂಜೂರಾಯಿತಂತೆ ಎಂಬ ಸುದ್ದಿ ಬಂದ ದಿನ ಊರಿಗೆ ಊರೇ ಖುಷಿಪಡುತ್ತದೆ. ಖುಷಿಪಡಬೇಕಾದ್ದೇ. ಹೆಡ್‌ಮಾಸ್ಟರು ಬಿಇಓ ಆಫೀಸಿಗೆ ಅಲೆದು ಚಪ್ಪಲಿ ಸವೆಸಿರುತ್ತಾರೆ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಅಧ್ಯಕ್ಷರು ಶಾಸಕರ ಮನೆ ಬಾಗಿಲು ಕಾದಿರುತ್ತಾರೆ. ಗುದ್ದಲಿ ಪೂಜೆಯ ದಿನ ತೆಂಗಿನಕಾಯಿ ಒಡೆದು, ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು ಎಲ್ಲರೂ ಹೊರಡುವ ಹೊತ್ತಿಗೆ ಗುತ್ತಿಗೆದಾರರ ಕಡೆಯ ಮೇಸ್ತ್ರಿ ಸುಣ್ಣದ ಪುಡಿ ಹಿಡಿದು ನಿಂತಿರುತ್ತಾನೆ. ‘ಎಲ್ಲಿ ಹಾಕಣ ಸಾರ್?’ ಅನ್ನುತ್ತಾನೆ. ಖಾಲಿ ಕಂಡ ಕಡೆ ಯಾರೋ ಕೈ ತೋರಿಸುತ್ತಾರೆ. ಐವತ್ತು ವರ್ಷ ನಿಲ್ಲಬೇಕಾದ ಕಟ್ಟಡದ ಜಾಗ, ದಿಕ್ಕು, ಗಾಳಿ, ಬೆಳಕು ಎಲ್ಲವೂ ಆ ಅರ್ಧ ಗಂಟೆಯಲ್ಲಿ ತೀರ್ಮಾನವಾಗಿಬಿಡುತ್ತದೆ. ಗುಬ್ಬಿ ತಾಲ್ಲೂಕಿನ ಅಪ್ಪ ಅಮ್ಮಂದಿರೇ, ಮೇಷ್ಟ್ರುಗಳೇ, ಹಳೇ ವಿದ್ಯಾರ್ಥಿಗಳೇ, ಆ ಅರ್ಧ ಗಂಟೆಗೆ ಅಡ್ಡ ನಿಲ್ಲಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಹಳೆಯ ಶಾಲೆಯೊಂದರ ಆವರಣದಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಸರ್ಕಾರಗಳ ಚರಿತ್ರೆಯೇ ಕಾಣುತ್ತದೆ. ಮಧ್ಯದಲ್ಲಿ ಊರಿನವರೇ ಕಲ್ಲು ಹೊತ್ತು ಕಟ್ಟಿದ ಮಂಗಳೂರು ಹೆಂಚಿನ ಉದ್ದನೆಯ ಹಾಲ್. ಅದರ ಪಕ್ಕ 1987ರಲ್ಲಿ ಶುರುವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಕಾಲದ ಎರಡು ಕೋಣೆ. ಆಚೆ ಮೂಲೆಯಲ್ಲಿ ಸರ್ವ ಶಿಕ್ಷಣ ಅಭಿಯಾನದ್ದು. ಅದಕ್ಕೆ ಬೆನ್ನು ಹಾಕಿ ಶಾಸಕರ ನಿಧಿಯದ್ದು. 2022ರ ಈಚೆಗಾದರೆ ‘ವಿವೇಕ’ ಯೋಜನೆಯದ್ದು. ಮಧ್ಯೆ ಎಲ್ಲೋ ಬಿಸಿಯೂಟದ ಅಡುಗೆ ಕೋಣೆ, ಕೊನೆಯಲ್ಲಿ ಶೌಚಾಲಯ. ಪ್ರತಿ ಯೋಜನೆಗೂ ಅದರದೇ ನಕ್ಷೆ, ಅದರದೇ ಬಣ್ಣ, ಅದರದೇ ನಾಮಫಲಕ. ಇಡೀ ಆವರಣಕ್ಕೆ ಒಂದು ನಕ್ಷೆ ಮಾತ್ರ ಯಾರ ಬೀರುವಿನಲ್ಲೂ ಇಲ್ಲ. ಒಂದೊಂದು ಕೊಠಡಿ ಬಂದಾಗಲೂ ಬಯಲು ಒಂದೊಂದು ತುಂಡಾಗುತ್ತದೆ. ಖೋ ಖೋ ಅಂಕಣ ಹೋಗುತ್ತದೆ, ಪ್ರಾರ್ಥನೆಗೆ ಸಾಲು ನಿಲ್ಲುವ ಜಾಗ ಇಕ್ಕಟ್ಟಾಗುತ್ತದೆ, ನಲವತ್ತು ವರ್ಷದ ಹೊಂಗೆ ಮರ ‘ಅಡ್ಡ’ ಬರುತ್ತದೆ. ಆ ಮರದ ಕೆಳಗೆ ಎಷ್ಟು ತರಗತಿ ನಡೆದಿದ್ದವು ಎಂದು ಎಸ್ಟಿಮೇಟಿನ ಯಾವ ಕಾಲಂ ಕೇಳುವುದಿಲ್ಲ.

ಕೊಠಡಿ ಕಟ್ಟಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಬಂದ ದುಡ್ಡನ್ನು ಮಾರ್ಚ್ ಮುಗಿಯುವುದರೊಳಗೆ ಖರ್ಚು ಮಾಡಬೇಕೆಂಬ ಒತ್ತಡ ಎಂಥದ್ದೆಂದು ಪಂಚಾಯಿತಿ ಹತ್ತಿರ ಓಡಾಡಿದವರಿಗೆಲ್ಲ ಗೊತ್ತು. ಆದರೆ ಆ ಕೊಠಡಿಯೊಳಗೆ ಕೂರುವವರಿಗೆ ಓಟಿಲ್ಲ, ಸಭೆಯಲ್ಲಿ ಕುರ್ಚಿಯಿಲ್ಲ, ‘ನಮಗೆ ಗಾಳಿ ಬರುತ್ತಿಲ್ಲ’ ಎಂದು ಹೇಳುವಷ್ಟು ವಯಸ್ಸೂ ಇಲ್ಲ. ಆರು ವರ್ಷದ ಮಗು ಸೆಖೆಯಲ್ಲಿ ತೂಕಡಿಸಿದರೆ ನಾವು ಅದನ್ನು ದಡ್ಡತನ ಎನ್ನುತ್ತೇವೆ. ಅವರ ಪರವಾಗಿ ಮಾತಾಡಬೇಕಾದ ನಾವು ಸುಮ್ಮನಿದ್ದರೆ ಅದು ಅನ್ಯಾಯ.

ಒಂದು ಕೆಲಸ ಮಾಡಿ. ನಿಮ್ಮ ಶಾಲೆಯ ನಲಿ-ಕಲಿ ಕೋಣೆಗೆ ಹೋಗಿ, ಮಕ್ಕಳ ನಡುವೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಲೆಯನ್ನು ಒಂದನೇ ತರಗತಿಯ ಮಗುವಿನ ಎತ್ತರಕ್ಕೆ ಬಗ್ಗಿಸಿ ನೋಡಿ. ನೆಲದಿಂದ ಎರಡಡಿ ಎತ್ತರದಲ್ಲಿ ಆ ಮಗುವಿನ ಕಣ್ಣಿರುತ್ತದೆ. ಕಿಟಕಿ ಶುರುವಾಗುವುದು ಮೂರಡಿಯ ಮೇಲೆ. ಮಗುವಿಗೆ ಕಾಣುವುದು ಕಿಟಕಿಯ ಕೆಳಗಿನ ಗೋಡೆ, ಅದರ ಮೇಲೆ ಒಂದು ತುಂಡು ಆಕಾಶ. ಹೊರಗಿನಿಂದ ಬರುವ ಗಾಳಿ ಅದರ ನೆತ್ತಿಯ ಮೇಲಿಂದಲೇ ಹಾದು ಎದುರು ಕಿಟಕಿಯಿಂದ ಆಚೆ ಹೋಗುತ್ತದೆ. ನಿಂತು ಪಾಠ ಮಾಡುವ ಮೇಷ್ಟ್ರಿಗೆ ತಂಪು, ಕೂತ ಮಕ್ಕಳಿಗೆ ಧಗೆ. ಬೆಂಚಿನ ಮೇಲೆ ಕೂರುವ ದೊಡ್ಡವರಿಗೆಂದು ಇಟ್ಟ ಅಳತೆಯನ್ನು ಚಾಪೆಯ ಮೇಲೆ ಕೂರುವ ಮಕ್ಕಳ ಕೋಣೆಗೂ ಹಾಗೇ ಎತ್ತಿ ಇಟ್ಟಿದ್ದೇವೆ. ಕಿಟಕಿಯನ್ನು ಒಂದೂವರೆ ಅಡಿ ಕೆಳಗಿಳಿಸಿ ಗಟ್ಟಿ ಸರಳು ಹಾಕಲು ಹೆಚ್ಚಿನ ದುಡ್ಡೇನೂ ಬೇಕಾಗಿಲ್ಲ.

ನಲಿ-ಕಲಿಯ ಮಾತು ಬಂತು, ಅದನ್ನು ಇನ್ನಷ್ಟು ಹೇಳಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಋಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದು ಕಟ್ಟಿದ ಪದ್ಧತಿ ಅದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಐದು ಗುಂಪುಗಳಾಗಿ ಕೂರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರು ಪೂರ್ತಿ ಜೊತೆಗಿರಬೇಕು, ಇನ್ನೊಂದಕ್ಕೆ ಅರ್ಧ, ಮತ್ತೆರಡರಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸುತ್ತಾರೆ, ಕೊನೆಯ ಗುಂಪು ತನ್ನಷ್ಟಕ್ಕೆ ತಾನೇ ಕಲಿಯುತ್ತದೆ. ಗೋಡೆಯ ಕೆಳಭಾಗದ ಕಪ್ಪು ಹಲಗೆ ಮಕ್ಕಳದ್ದು. ತಲೆಯ ಮೇಲೆ ತಂತಿ ಎಳೆದು ಕಟ್ಟಿದ ಚಪ್ಪರದಲ್ಲಿ ಅವರ ಚಿತ್ರಗಳು ತೂಗುತ್ತವೆ. ಮಕ್ಕಳು ಎದ್ದು ಓಡಾಡುತ್ತಲೇ ಕಲಿಯಬೇಕೆಂದು ಹೇಳುವ ಪದ್ಧತಿ ಇದು. ಪಾಠದ ರೀತಿ ಇಷ್ಟೆಲ್ಲ ಬದಲಾಗಿ ದಶಕ ದಾಟಿದೆ. ಕೋಣೆ ಮಾತ್ರ ಇನ್ನೂ ಒಂದು ಬಾಗಿಲು, ಎರಡು ಕಿಟಕಿ, ಎದುರಿಗೊಂದು ಬೋರ್ಡು ಎಂಬಲ್ಲೇ ನಿಂತಿದೆ.

ಇತ್ತ ತರಗತಿಯ ಲೆಕ್ಕವೂ ನಿಂತಲ್ಲಿ ನಿಲ್ಲುವುದಿಲ್ಲ. ಈ ವರ್ಷ ನಾಲ್ಕನೇ ತರಗತಿಯಲ್ಲಿ ಏಳು ಮಕ್ಕಳು, ಆರನೆಯದರಲ್ಲಿ ಮೂವತ್ತು. ಐದು ವರ್ಷ ಬಿಟ್ಟು ನೋಡಿದರೆ ತಿರುಗುಮುರುಗು. ಎಲ್‌ಕೆಜಿ, ಯುಕೆಜಿ ಬರುತ್ತವೆ. ಇಂಗ್ಲಿಷ್ ಮಾಧ್ಯಮದ ವಿಭಾಗ ಬರುತ್ತದೆ. 2018-19ರಲ್ಲಿ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಂತೂ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಎಲ್ಲ ಒಂದೇ ಆವರಣದಲ್ಲಿ. ಇಷ್ಟು ಬದಲಾಗುವ ಬದುಕಿಗೆ ಒಂದಿಂಚೂ ಅಲುಗದ ಡಬ್ಬಿಯಂಥ ಕೋಣೆ ಕೊಟ್ಟರೆ, ಏಳು ಮಕ್ಕಳು ದೊಡ್ಡ ಕೋಣೆಯಲ್ಲಿ ಮೂಲೆಗೆ ಅಂಟಿಕೊಂಡು ಕೂರುತ್ತಾರೆ, ಮೂವತ್ತು ಮಕ್ಕಳು ಸಣ್ಣದರಲ್ಲಿ ಒತ್ತೊತ್ತಾಗಿ ಕೂರುತ್ತಾರೆ.

ಬೇಕೆಂದಾಗ ಹಿಗ್ಗುವ, ಬೇಡವೆಂದಾಗ ಕುಗ್ಗುವ ಜಾಗವನ್ನು ಮಾಡುವುದು ಹೇಗೆಂದು ಬೇರೆ ಊರಿನವರಿಗೆ ವಿವರಿಸಬೇಕಾಗಬಹುದು, ಗುಬ್ಬಿಯವರಿಗೆ ಬೇಕಿಲ್ಲ. 1884ರಲ್ಲಿ ಈ ಊರಿನಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಒಂದೇ ರಂಗದ ಮೇಲೆ ಪರದೆ ಏರಿಸಿ ಇಳಿಸಿ ಅರಮನೆಯನ್ನೂ ಕಾಡನ್ನೂ ಬೀದಿಯನ್ನೂ ತೋರಿಸಿತು. ಆ ಕಂಪನಿಯ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಕ್ಯಾಂಪು ಮುಗಿದರೆ ಕಂಬ, ತಗಡು, ಪರದೆ ಎಲ್ಲ ಬಿಚ್ಚಿ ಗಂಟು ಕಟ್ಟಿ ಮುಂದಿನ ಊರಿಗೆ. ಭಾರ ಹೊರುವುದು ಕಂಬ, ದೃಶ್ಯ ಬದಲಿಸುವುದು ಪರದೆ. ಎರಡರ ಕೆಲಸವನ್ನೂ ಬೆರೆಸಬಾರದೆಂದು ಕಂಪನಿಯ ಬಡಗಿಗೆ ತಿಳಿದಿತ್ತು. ನಮ್ಮ ಶಾಲೆಗೂ ಬೇಕಾದ್ದು ಅದೇ. ಸೂರಿನ ಭಾರವನ್ನು ಕಂಬಗಳಿಗೂ ಎರಡು ತುದಿಯ ಗೋಡೆಗಳಿಗೂ ಕೊಟ್ಟುಬಿಡಿ. ಕೋಣೆ ಕೋಣೆಯ ನಡುವಿನ ಅಡ್ಡಗೋಡೆ ಏನನ್ನೂ ಹೊರದಿರಲಿ. ಅದು ಮಡಚುವ ಬಾಗಿಲಾಗಬಹುದು. ಎರಡೂ ಕಡೆ ಪುಸ್ತಕ ಇಡುವ, ಆಳವಾದ ಮರದ ಕಪಾಟಾಗಬಹುದು. ಕಪಾಟೇ ವಾಸಿ ಎಂಬುದು ನನ್ನ ಅಭಿಪ್ರಾಯ. ತೆಳ್ಳನೆಯ ಪ್ಲೈವುಡ್ ಇಟ್ಟರೆ ಈಚೆ ಮಗ್ಗಿ, ಆಚೆ ಪದ್ಯ, ಎರಡೂ ಕೇಳುವುದಿಲ್ಲ. ಪುಸ್ತಕ ತುಂಬಿದ ಕಪಾಟು ಸದ್ದನ್ನು ಬಹಳಮಟ್ಟಿಗೆ ತಡೆಯುತ್ತದೆ. ನಾಳೆ ಬೇಡವಾದರೆ ನಾಲ್ಕು ಜನ ಸೇರಿ ಸರಿಸಬಹುದು. ಶಾಲಾ ವಾರ್ಷಿಕೋತ್ಸವಕ್ಕೆ ಎರಡು ಕೋಣೆ ಒಂದು ಹಾಲ್ ಆಗುತ್ತದೆ, ಪರೀಕ್ಷೆಗೆ ಮತ್ತೆ ಎರಡಾಗುತ್ತದೆ.

ಒಳಗಿನ ಸಾಮಾನಿನ ಬಗ್ಗೆಯೂ ಒಂದು ಮಾತು. ದಾನಿಗಳು ಪ್ರೀತಿಯಿಂದ ಕಬ್ಬಿಣದ ಜೋಡಿ ಡೆಸ್ಕು ಕೊಡುತ್ತಾರೆ, ಬೆನ್ನಿಗೆ ಹೆಸರು ಬರೆಸಿ. ಆ ಡೆಸ್ಕು ಬಂದ ದಿನವೇ ಕೋಣೆಗೆ ಬೀಗ ಬಿದ್ದಂತೆ. ಅದನ್ನು ಮಕ್ಕಳು ಅಲುಗಾಡಿಸಲಾರರು, ಮೇಷ್ಟ್ರೂ ಅಲುಗಾಡಿಸಲಾರರು. ಚಿಕ್ಕ ಮಕ್ಕಳಿಗೆ ಗಿಡ್ಡ ದುಂಡು ಮೇಜು, ಚಾಪೆ ಕೊಡಿ. ದೊಡ್ಡ ಮಕ್ಕಳಿಗೆ ಇಬ್ಬರು ಎತ್ತಿ ಇಡಬಹುದಾದ ಹಗುರ ಮೇಜು ಕೊಡಿ.

ಇನ್ನು ಸೂರು. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಆಗಸ್ಟ್ ನಡುವೆ ಇನ್ನೊಂದು ದಿನ ಗುಬ್ಬಿಯಲ್ಲಿ ನಡುಮಧ್ಯಾಹ್ನ ಬಾವುಟದ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ಹಾಗಾಗಿ ನಮ್ಮ ಸೀಮೆಯಲ್ಲಿ ಕೋಣೆಯನ್ನು ಕಾಯಿಸುವುದರಲ್ಲಿ ಮೊದಲ ಪಾಲು ಸೂರಿನದು. ಬರೀ ಆರ್‌ಸಿಸಿ ತಾರಸಿ ಹಾಕಿದರೆ ಅದು ಬೆಳಗಿನಿಂದ ಕುಡಿದ ಬಿಸಿಲನ್ನು ಮಧ್ಯಾಹ್ನ ಮೂರು ಗಂಟೆಯ ಗಣಿತದ ಪೀರಿಯಡ್ಡಿನಲ್ಲಿ ಮಕ್ಕಳ ತಲೆಯ ಮೇಲೆ ಇಳಿಸುತ್ತದೆ. ತಗಡಿನ ಶೀಟು ಹಾಕಿದರೆ ಬಿಸಿಲಿಗೆ ಬೆಂಕಿ, ಮಳೆಗೆ ತಮಟೆ. ಹುಬ್ಬೆ ಮಳೆ ಹೊಡೆಯುವಾಗ ತಗಡಿನ ಕೆಳಗೆ ಪಾಠ ಮಾಡಿದ ಯಾವ ಮೇಷ್ಟ್ರನ್ನು ಬೇಕಾದರೂ ಕೇಳಿ, ಬೋರ್ಡಿನ ಮೇಲೆ ಬರೆದು ಸುಮ್ಮನೆ ಕೂರುವುದೊಂದೇ ದಾರಿ. ಹಾಗಂತ ತೆಂಗಿನ ಗರಿಯ ಚಪ್ಪರಕ್ಕೆ ಹೋಗೋಣವೇ? ಬೇಡ. ಪರಿಸರದ ಹೆಸರಿನಲ್ಲಿ ಆ ಮಾತು ಆಡುವವರಿಗೆ 2004ರ ಜುಲೈ 16 ನೆನಪಿರಲಿ. ಅಂದು ತಮಿಳುನಾಡಿನ ಕುಂಭಕೋಣಂನಲ್ಲಿ ಗರಿ ಹೊದಿಸಿದ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಬಿಸಿಯೂಟದ ಒಲೆ ಇರುವ ಆವರಣದಲ್ಲಿ ಗರಿಯ ಸೂರು ಸಲ್ಲದು. ಪ್ರತಿ ಕೋಣೆಗೂ ಎರಡು ಬಾಗಿಲು, ಎರಡೂ ಹೊರಕ್ಕೆ ತೆರೆದುಕೊಳ್ಳುವಂಥವು ಇರಲೇಬೇಕು.

ನಡುವಿನ ದಾರಿಗಳಿವೆ. ಕಾಂಕ್ರೀಟು ಹಾಕುವಾಗ ತಾರಸಿಯ ಕೆಳಭಾಗದಲ್ಲಿ, ಭಾರ ಹೊರುವ ಕೆಲಸ ಇಲ್ಲದ ಕಡೆ, ಮಂಗಳೂರು ಹೆಂಚನ್ನು ಸಾಲಾಗಿ ಜೋಡಿಸಿ ಮೇಲೆ ಕಾಂಕ್ರೀಟು ಸುರಿಯಬಹುದು. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ನೂರಾರು ಕಟ್ಟಡಕ್ಕೆ ಹೀಗೆ ಮಾಡಿದರು. ಸಿಮೆಂಟು ಉಳಿಯುತ್ತದೆ, ಬಿಸಿಲು ಇಳಿಯುವುದು ನಿಧಾನವಾಗುತ್ತದೆ, ಒಳಗಿನಿಂದ ನೋಡಲು ಚೆಂದ. ಬೀಳುವ ಸ್ಥಿತಿಯ ಹಳೇ ಹೆಂಚಿನ ಹಾಲ್ ಇದ್ದರೆ ಮೊದಲು ಅದನ್ನು ನೋಡಿ. ‘ಶಿಥಿಲ’ ಎಂದು ಬರೆದು ಕೆಡವುವುದು ಸುಲಭ. ಎಷ್ಟೋ ಕಡೆ ಕೊಳೆತಿರುವುದು ನಾಲ್ಕು ತೊಲೆ, ಒಂದಷ್ಟು ರೀಪು ಮಾತ್ರ, ಗೋಡೆ ಕಲ್ಲಿನಂತಿರುತ್ತದೆ. ಗೋಡೆ ಗಟ್ಟಿಯಿದೆಯೇ ಎಂದು ಎಂಜಿನಿಯರ್ ಪರೀಕ್ಷಿಸಿ ಬರೆದುಕೊಡುವವರೆಗೆ ಗುದ್ದಲಿ ಎತ್ತಲು ಬಿಡಬೇಡಿ.

ಗೋಡೆಯ ವಿಚಾರಕ್ಕೆ ಬಂದರೆ ನಾವು ತುಮಕೂರು ಜಿಲ್ಲೆಯವರು ನಾಚಿಕೆಪಡಬೇಕಾದ ಸಂಗತಿಯೊಂದಿದೆ. ಜಗತ್ತಿನ ಬೇರೆ ಬೇರೆ ಕಡೆಯವರು ಮೆಚ್ಚಿಕೊಂಡ ಕೆಲಸವೊಂದು ನಮ್ಮ ಮಗ್ಗುಲಲ್ಲೇ ಬೆಳೆಯಿತು, ನಮ್ಮ ಶಾಲೆಗಳಿಗೆ ಅದು ಬರಲಿಲ್ಲ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ವಿಜ್ಞಾನ ಹಳ್ಳಿಯ ಕೆಲಸಕ್ಕೆ ಬರಬೇಕು ಎಂಬ ಹಟ ಅವರದು. ಆ ಕೇಂದ್ರ ತನ್ನ ವಿಸ್ತರಣಾ ಶಾಖೆಗೆ ಆರಿಸಿಕೊಂಡದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರ. ಪಕ್ಕದ ಪುರ ಗ್ರಾಮದಲ್ಲಿ ಗೋಬರ್ ಗ್ಯಾಸಿನಿಂದ ಊರಿಗೆ ದೀಪ ಉರಿಸಿದವರೂ ಅವರೇ. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ನಮ್ಮ ಅಮ್ಮಂದಿರಿಗೆ ಗೊತ್ತು. ಆದರೆ ಪ್ರೊ. ಕೆ. ಎಸ್. ಜಗದೀಶ್ ಮತ್ತವರ ಸಂಗಡಿಗರು ಮಣ್ಣನ್ನೇ ಒತ್ತಿ ಗಟ್ಟಿ ಇಟ್ಟಿಗೆ ಮಾಡುವ ವಿದ್ಯೆಯನ್ನು ಪಳಗಿಸಿದ್ದನ್ನು, ಅದಕ್ಕೆಂದೇ ‘ಮರ್ದಿನಿ’ ಎಂಬ ಕೈಯಂತ್ರ ಮಾಡಿದ್ದನ್ನು ಮರೆತಿದ್ದೇವೆ.

ಕೆಲಸ ಹೀಗೆ. ಮೇಲ್ಮಣ್ಣು ತೆಗೆದು ಕೆಳಗಿನ ಕೆಂಪು ಮಣ್ಣನ್ನು ಜರಡಿ ಹಿಡಿಯುತ್ತಾರೆ. ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಲ್ಲಿ ಉಂಡೆ ಕಟ್ಟಿದರೆ ನಿಲ್ಲುವಷ್ಟು ಮಾತ್ರ ನೀರು ಚಿಮುಕಿಸುತ್ತಾರೆ. ತೂಗಿದ ಮಣ್ಣನ್ನು ಅಚ್ಚಿಗೆ ಸುರಿದು, ಮುಚ್ಚಳ ಹಾಕಿ, ಉದ್ದನೆಯ ಸನ್ನೆಕೋಲನ್ನು ಇಬ್ಬರು ಜಗ್ಗಿದರೆ ಅಂಚು ಚೂಪಾದ ಇಟ್ಟಿಗೆ ಮೇಲೆ ಬರುತ್ತದೆ. ನೆರಳಿನಲ್ಲಿ ಪೇರಿಸಿ ಮೂರು ವಾರ ನೀರು ಹಾಕಬೇಕು. ಗೂಡಿಲ್ಲ, ಸೌದೆಯಿಲ್ಲ, ಹೊಗೆಯಿಲ್ಲ. ಸುಡುವ ಇಟ್ಟಿಗೆಗಾಗಿ ನಮ್ಮ ಕೆರೆ ಬಯಲಿನ ಫಲವತ್ತಾದ ಮಣ್ಣು ಲಾರಿ ಲಾರಿ ಹೋದದ್ದನ್ನೂ, ಗೂಡಿಗಾಗಿ ಮರ ಬಿದ್ದದ್ದನ್ನೂ ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮಣ್ಣು ಸರಿಯಿದೆಯೇ ಎಂದು ತಿಳಿಯುವ ಮೊದಲ ಪರೀಕ್ಷೆಯನ್ನು ಏಳನೇ ತರಗತಿಯ ಮಕ್ಕಳೇ ಮಾಡಬಹುದು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಮಿಕ್ಕದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಲಿ. ಮೊದಲು ಮರಳು ತಳಕ್ಕೆ ಕೂರುತ್ತದೆ, ಅದರ ಮೇಲೆ ಹೂಳು, ಜೇಡಿ ಇಳಿಯಲು ಮಾರನೆಯ ದಿನವಾದರೂ ಬೇಕು. ಪಟ್ಟೆ ಪಟ್ಟೆಯಾಗಿ ಕೂತದ್ದನ್ನು ಅಳತೆಪಟ್ಟಿ ಹಿಡಿದು ಅಳೆದರೆ ನಮ್ಮೂರ ಮಣ್ಣಿನಲ್ಲಿ ಯಾವುದು ಎಷ್ಟಿದೆ ಎಂದು ಕಾಣುತ್ತದೆ. ಮರಳು ಹೆಚ್ಚು, ಜೇಡಿ ಮಿತವಾಗಿದ್ದರೆ ಒಳ್ಳೆಯ ಮಣ್ಣು. ತಾವೇ ಪರೀಕ್ಷಿಸಿದ ಮಣ್ಣಿನ ಗೋಡೆಯ ನಡುವೆ ಕೂತು ಓದುವ ಮಕ್ಕಳು ಅದಕ್ಕೆ ಮೊಳೆ ಹೊಡೆಯುವ ಮುಂಚೆ ಯೋಚಿಸುತ್ತಾರೆ.

ಎಂಜಿನಿಯರ್ ಸಾಹೇಬರೇ, ‘ಮಡ್ ಬ್ಲಾಕಿಗೆ ಕೋಡ್ ಎಲ್ಲಿದೆ?’ ಎಂದು ನೀವು ಕೇಳಬಹುದು. ಇದೆ. ಭಾರತೀಯ ಮಾನಕ ಐಎಸ್ 1725, ದಶಕಗಳ ಹಿಂದೆಯೇ ಬಂದದ್ದು, 1982ರಲ್ಲೂ 2013ರಲ್ಲೂ ಪರಿಷ್ಕರಣೆಯಾಗಿದೆ. ಸೈಜುಗಲ್ಲಿನ ಪಾಯ, ಪಾಯದ ಮೇಲೊಂದು, ಕಿಟಕಿ ಬಾಗಿಲ ಮೇಲೊಂದು ಕಾಂಕ್ರೀಟ್ ಪಟ್ಟಿ, ಮಳೆ ಎರಚಲು ಬಡಿಯದಂತೆ ಚಾಚಿದ ಸೂರು, ಇಷ್ಟಿದ್ದರೆ ಈ ಗೋಡೆ ತಲೆಮಾರು ನಿಲ್ಲುತ್ತದೆ. ಹೊಸ ಕೆಲಸವಾದ್ದರಿಂದ ಮೇಸ್ತ್ರಿಗೆ ಕಲಿಸಬೇಕಾಗುತ್ತದೆ, ಮೊದಲ ಕಟ್ಟಡಕ್ಕೆ ದಿನ ಹೆಚ್ಚು ಹಿಡಿಯುತ್ತದೆ. ಆ ಕಷ್ಟವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಸಿಮೆಂಟಿಗೂ ಕಬ್ಬಿಣಕ್ಕೂ ಜಿಲ್ಲೆಯಿಂದಾಚೆ ಹೋಗುವ ದುಡ್ಡಿನ ಒಂದು ಪಾಲು ಇಲ್ಲೇ ಕೂಲಿಯಾಗಿ ಉಳಿಯುತ್ತದೆ. ದೊಡ್ಡ ಕಟ್ಟಡವೇ ಬೇಡ, ತಾಲ್ಲೂಕಿಗೆ ಒಂದು ಕೊಠಡಿ ಹೀಗೆ ಕಟ್ಟಿ ತೋರಿಸಿ. ನಿಮ್ಮ ವೃತ್ತಿ ಬದುಕಿನಲ್ಲಿ ಸಹಿ ಹಾಕಿದ ನೂರು ಎಸ್ಟಿಮೇಟುಗಳಲ್ಲಿ ಮಕ್ಕಳು ನೆನಪಿಡುವುದು ಅದೊಂದನ್ನೇ.

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಗಾಂಡೊ ಎಂಬ ಹಳ್ಳಿಯಿದೆ. ಅಲ್ಲಿ ಹುಟ್ಟಿದ ಫ್ರಾನ್ಸಿಸ್ ಕೆರೆ ಎಂಬುವವರಿಗೆ ಊರಿನಲ್ಲಿ ಶಾಲೆ ಇರಲಿಲ್ಲ. ಓದಲೆಂದು ಚಿಕ್ಕಂದಿನಲ್ಲೇ ಮನೆ ಬಿಟ್ಟರು. ಮುಂದೆ ಬಡಗಿ ಕೆಲಸ ಕಲಿಯಲು ಜರ್ಮನಿಗೆ ಹೋದವರು ಅಲ್ಲೇ ವಾಸ್ತುಶಿಲ್ಪ ಓದಿದರು. ಇನ್ನೂ ವಿದ್ಯಾರ್ಥಿಯಾಗಿರುವಾಗಲೇ ದುಡ್ಡು ಕೂಡಿಸಿ, 2001ರಲ್ಲಿ ತಮ್ಮೂರಿಗೆ ಶಾಲೆ ಕಟ್ಟಿದರು. ಒತ್ತಿದ ಮಣ್ಣಿನ ಇಟ್ಟಿಗೆಯ ಗೋಡೆ. ಮೇಲೆ ಮಣ್ಣಿನದೇ ಒಳಸೂರು. ಅದರಿಂದ ಎತ್ತರಕ್ಕೆ ಎತ್ತಿ ನಿಲ್ಲಿಸಿದ ತಗಡು, ನಡುವೆ ಬಿಸಿಗಾಳಿ ಹರಿದುಹೋಗಲು ಜಾಗ. ಕಲ್ಲು ಹೊತ್ತವರು, ನೀರು ತಂದವರು, ನೆಲ ಬಡಿದವರು ಊರಿನ ಗಂಡಸರು, ಹೆಂಗಸರು. 2022ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಕೆರೆ ಅವರಿಗೆ ಬಂತು. ಅವರ ಊರಿನ ಬಿಸಿಲು ನಮ್ಮದಕ್ಕಿಂತ ಕಠೋರ, ಬಡತನ ನಮ್ಮದಕ್ಕಿಂತ ದೊಡ್ಡದು. ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ಎಂಜಿನಿಯರಾಗಿರುವ ಗುಬ್ಬಿ ಸೀಮೆಯ ಮಕ್ಕಳೇ, ನೀವು ಓದಿದ ಶಾಲೆಗೆ ಬರೀ ಸ್ಮಾರ್ಟ್ ಬೋರ್ಡು ಕಳಿಸಬೇಡಿ. ಊರಿಗೆ ಬಂದಾಗ ಟೇಪು ಹಿಡಿದು ಶಾಲೆಯ ಆವರಣ ಅಳೆದು, ಇಡೀ ಆವರಣಕ್ಕೆ ಒಂದು ನಕ್ಷೆ ಬರೆದುಕೊಡಿ. ಅದಕ್ಕಿಂತ ದೊಡ್ಡ ದಾನ ಸದ್ಯಕ್ಕೆ ಇನ್ನೊಂದಿಲ್ಲ. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಎದ್ದು ನಿಂತ ತಾಲ್ಲೂಕು ಇದು. ಅಷ್ಟು ಕರಾರುವಾಕ್ಕಾದ ಕೆಲಸ ನಡೆಯುವ ನೆಲದಲ್ಲಿ ಮಕ್ಕಳ ಕೋಣೆಗೆ ಗಾಳಿ ಯಾವ ದಿಕ್ಕಿನಿಂದ ಬರುತ್ತದೆ ಎಂದು ನೋಡಲಾಗದೆ?

ನಕ್ಷೆಯಲ್ಲಿ ಏನಿರಬೇಕು? ಕಟ್ಟಡದ ಉದ್ದ ಪೂರ್ವ ಪಶ್ಚಿಮಕ್ಕೆ, ಕಿಟಕಿಗಳು ಉತ್ತರ ದಕ್ಷಿಣಕ್ಕೆ. ಹೀಗಿಟ್ಟರೆ ಬೆಳಗಿನ ಸಂಜೆಯ ಚುಚ್ಚುವ ಬಿಸಿಲು ತುದಿಯ ಗೋಡೆಗೆ ಬೀಳುತ್ತದೆ, ಬೋರ್ಡಿನ ಮೇಲೆ ಹೊಳಪು ಹೊಡೆಯುವುದಿಲ್ಲ. ದಕ್ಷಿಣಕ್ಕೆ ಅಗಲವಾದ ಜಗಲಿ, ಎಂಟಡಿಗೆ ಕಮ್ಮಿಯಿರದಂತೆ. ಈ ಜಗಲಿಯನ್ನು ದಂಡದ ಜಾಗ ಎಂದು ಎಸ್ಟಿಮೇಟಿನಲ್ಲಿ ಮೊದಲು ಕತ್ತರಿಸುತ್ತಾರೆ. ಬಿಸಿಯೂಟಕ್ಕೆ ಮಕ್ಕಳು ಸಾಲಾಗಿ ಕೂರುವುದು ಅಲ್ಲೇ, ಓದಿನಲ್ಲಿ ಹಿಂದೆ ಬಿದ್ದ ನಾಲ್ಕು ಮಕ್ಕಳನ್ನು ಟೀಚರು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುವುದು ಅಲ್ಲೇ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಬಂದಾಗ ನಮ್ಮ ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆ ಹುಡುಕಿಕೊಂಡು ಹೋದರು. ನೆರಳು, ಗಾಳಿ, ಕೂರಲು ಗಟ್ಟಿ ನೆಲ ಇದ್ದರೆ ಅದು ತರಗತಿ ಎಂದು ಆಗಲೇ ರುಜುವಾತಾಯಿತು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಅಂಗವಿಕಲ ಮಕ್ಕಳಿಗೆ ಅಡೆತಡೆಯಿಲ್ಲದ ದಾರಿ ಇರಬೇಕು ಎನ್ನುತ್ತದೆ. ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಚುನಾವಣೆಗೆಂದು ಕಡಿದಾಗಿ ಸಿಮೆಂಟು ಬಳಿದ ದಿಬ್ಬದ ಮೇಲೆ ಗಾಲಿಕುರ್ಚಿ ಏರುವುದಿಲ್ಲ.

ಮಳೆ ನೀರಿನ ಲೆಕ್ಕವನ್ನು ಬಿಡುವಂತಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಮಳೆ ನೀರಿನಲ್ಲಿ ಇಲ್ಲ. ನೂರು ಚದರ ಮೀಟರ್ ಸೂರಿನ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಎಂದು ಹಿಡಿದರೆ 60,000 ಲೀಟರ್. ಚೆಲ್ಲಿದ್ದು, ಆರಿದ್ದು ಕಳೆದರೂ 48,000 ಸಿಗುತ್ತದೆ. ಅರವತ್ತು ಮಕ್ಕಳು ದಿನಕ್ಕೆ ತಲಾ ಎರಡು ಲೀಟರ್ ಕುಡಿದರೆ 220 ಶಾಲಾ ದಿನಗಳಿಗೆ ಬೇಕಾಗುವುದು 26,400. ಬರದ ವರ್ಷ ಮಳೆ ಅರ್ಧಕ್ಕಿಳಿದರೂ ಹೆಚ್ಚು ಕಡಿಮೆ ಸಾಲುತ್ತದೆ. ಇದೇ ಆಸೆಯಿಂದ ರಾಜ್ಯದ ಸುವರ್ಣ ಮಹೋತ್ಸವದ ಹೊತ್ತಿಗೆ ಸುವರ್ಣ ಜಲ ಯೋಜನೆಯಲ್ಲಿ 20 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಿಗೆ ಚಾವಣಿ ನೀರಿನ ತೊಟ್ಟಿ ಹಾಕಿದರು. ಅನೇಕ ಕಡೆ ಪೈಪು ಕಿತ್ತುಹೋಯಿತು, ತೊಟ್ಟಿ ಬಿರುಕು ಬಿಟ್ಟಿತು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವವರು ಯಾರು, ಸೋಸುವ ಮರಳು ಬದಲಿಸುವವರು ಯಾರು ಎಂದು ಯಾರ ಹೆಸರನ್ನೂ ಗೊತ್ತು ಮಾಡಿರಲಿಲ್ಲ. ಈ ಸಲ ತೊಟ್ಟಿಯ ಜೊತೆಗೇ ಹೆಸರೂ ಬೇಕು. ಎಸ್‌ಡಿಎಂಸಿಯ ಒಬ್ಬ ಸದಸ್ಯರ ಹೆಸರು, ವರ್ಷಕ್ಕಿಷ್ಟು ಎಂದು ತೆಗೆದಿಟ್ಟ ದುಡ್ಡು.

‘ಮಕ್ಕಳೇ ಕಮ್ಮಿಯಾಗುತ್ತಿದ್ದಾರೆ, ಇಷ್ಟೆಲ್ಲ ಯಾಕೆ?’ ಎಂದು ಕೇಳುವವರಿದ್ದಾರೆ. ಹಳದಿ ವ್ಯಾನು ಹತ್ತಿ ಪಟ್ಟಣಕ್ಕೆ ಹೋಗುವ ಮಕ್ಕಳನ್ನು ನೋಡಿ ನನಗೂ ಸಂಕಟವಾಗುತ್ತದೆ. ಆದರೆ ಕೂಲಿಗೆ ಹೋಗುವವರ, ತೋಟ ಕಾಯುವವರ, ವಲಸೆ ಬಂದವರ ಮಕ್ಕಳು ಇಲ್ಲೇ ಉಳಿದಿದ್ದಾರೆ. ಮಕ್ಕಳು ಕಮ್ಮಿ ಎಂಬ ಕಾರಣಕ್ಕೆ ಅವರನ್ನು ಸೋರುವ ಕೋಣೆಯಲ್ಲಿ ಬಿಡುವುದಾದರೆ ನಮಗೂ ನಮ್ಮ ಊರಿಗೂ ಮರ್ಯಾದೆಯಿಲ್ಲ. ಅಲ್ಲದೆ, ಅಡ್ಡಗೋಡೆ ಸರಿಸಬಹುದಾದ ಕಟ್ಟಡಕ್ಕೆ ಕಮ್ಮಿ ಮಕ್ಕಳು ಒಂದು ಸಮಸ್ಯೆಯೇ ಅಲ್ಲ. ಒಂದು ಭಾಗ ಅಂಗನವಾಡಿಗೆ, ಒಂದು ಭಾಗ ಸಂಜೆ ಹೊತ್ತು ಊರಿನ ಗ್ರಂಥಾಲಯಕ್ಕೆ. ಮಕ್ಕಳು ತಿರುಗಿ ಬಂದ ವರ್ಷ ಜಾಗವೂ ತಿರುಗಿ ಸಿಗುತ್ತದೆ.

2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ. ಅದರಲ್ಲಿ ಕೂತವರು ಹೊರಗಿನವರಲ್ಲ, ನಾವೇ. ಮುಂದಿನ ಸಭೆಗೆ ಟೇಪು, ದೊಡ್ಡ ಹಾಳೆ, ಹತ್ತು ಜನ ಮಕ್ಕಳು ಇರಲಿ. ಮಕ್ಕಳ ಗ್ರಾಮ ಸಭೆಯಲ್ಲಿ ಅವರು ಕೇಳಿದ್ದನ್ನು ಅಲ್ಲೇ ಮರೆಯದೆ ಇಲ್ಲಿಗೆ ತನ್ನಿ. ಆವರಣವನ್ನು ಅಳೆಯಿರಿ, ಮರಗಳನ್ನು ಗುರುತಿಸಿ, ಮಳೆ ನೀರು ಹರಿಯುವ ದಾರಿ ಎಳೆಯಿರಿ, ಆಟದ ಅಂಕಣಕ್ಕೆ ಗೆರೆ ಹಾಕಿ. ಆಮೇಲೆ ನಡಾವಳಿ ಪುಸ್ತಕದಲ್ಲಿ ಹೀಗೆ ಬರೆಸಿ: ‘ಈ ನಕ್ಷೆಯಲ್ಲಿ ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ಹೊಸ ಕೊಠಡಿ ಕಟ್ಟತಕ್ಕದ್ದಲ್ಲ. ಮರ ಕಡಿಯತಕ್ಕದ್ದಲ್ಲ. ಕಿಟಕಿಯ ಎತ್ತರ ನೆಲದ ಮೇಲೆ ಕೂರುವ ಮಕ್ಕಳ ಕಣ್ಣಿಗೆ ಸರಿಯಾಗಿರತಕ್ಕದ್ದು. ಕೊಠಡಿಗಳ ನಡುವಿನ ಗೋಡೆ ಸೂರಿನ ಭಾರ ಹೊರತಕ್ಕದ್ದಲ್ಲ. ಕೆಲಸ ಶುರುವಾಗುವ ಮುಂಚೆ ಎಸ್ಟಿಮೇಟಿನ ಪ್ರತಿಯನ್ನು ಸಮಿತಿಗೆ ಕೊಟ್ಟು, ಕನ್ನಡದಲ್ಲಿ ಓದಿ ಹೇಳತಕ್ಕದ್ದು.’ ಎಲ್ಲರೂ ಸಹಿ ಹಾಕಿ, ಓದು ಬಾರದವರು ಹೆಬ್ಬೆಟ್ಟು ಒತ್ತಿ. ಒಂದು ಪ್ರತಿ ಬಿಇಓ ಕಚೇರಿಗೆ, ಒಂದು ಎಂಜಿನಿಯರಿಂಗ್ ಉಪವಿಭಾಗಕ್ಕೆ, ಒಂದು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಮತ್ತೆ ಹೋಗಿ, ಆಗ ಹತ್ತು ಜನ ಹೋಗಿ, ತಾಯಂದಿರು ಮುಂದೆ ಇರಲಿ.